ಯರ್ರಕ್ಕನಿಗೆ ತೆಲುಗು ಬರುವುದಿಲ್ಲ

ನಿಯಮಗಳೆಂದರೆ ನನಗೆ ಒಂದು ಬಗೆಯ ಚಪಲ. ಬೇರೆಯವರಿಗೆ ಬೋಂಡದ ವಾಸನೆ ಬಂದರೆ ಕಾಲು ತಾನಾಗಿ ಆ ಕಡೆ ತಿರುಗುವ ಹಾಗೆ, ಎಲ್ಲಿಯಾದರೂ 'ಸೂಚನೆಗಳು' ಎಂಬ ತಲೆಬರಹ ಕಂಡರೆ ನನ್ನ ಕಣ್ಣು ಅಲ್ಲಿಗೆ ಹೋಗಿ ಕೂತುಬಿಡುತ್ತದೆ. ಮಾತ್ರೆಯ ಡಬ್ಬಿಯೊಳಗೆ ಹತ್ತಾರು ಮಡಿಕೆ ಮಾಡಿ ಒಂದು ಕಾಗದ ತುರುಕಿರುತ್ತಾರಲ್ಲ, ಇರುವೆ ಸಾಲಿನಂಥ ಅಕ್ಷರದ್ದು, ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದ ಮೇಲೆಯೇ ನಾನು ಮಾತ್ರೆ ನುಂಗುವುದು. ಅಷ್ಟು ಹೊತ್ತಿಗೆ ಎಷ್ಟೋ ಸಲ ತಲೆನೋವೇ ಬೇಸತ್ತು ಹೊರಟುಹೋಗಿರುತ್ತದೆ. ನನ್ನ ಮದುವೆಯ ದಿನ, ಅಕ್ಷತೆ ಯಾವ ಬೆರಳಿನಿಂದ ಹಾಕಬೇಕು ಎಂದು ಮೂರು ಸಲ ಕೇಳಿದ್ದಕ್ಕೆ ಪುರೋಹಿತರು, "ಸ್ವಾಮಿ, ಹುಡುಗಿ ಕಾಯ್ತಾ ಇದ್ದಾಳೆ, ಯಾವುದ್ರಲ್ಲಾದ್ರೂ ಹಾಕಿ" ಎಂದು ಗದರಿದ್ದರು. ಹೊಟ್ಟೆಪಾಡಿಗೂ ನಾನು ಮಾಡುವುದು ಇದನ್ನೇ. ವೇಮಗಲ್ಲಿನ ಒಂದು ಕಾರ್ಖಾನೆಯಲ್ಲಿ ರಬ್ಬರ್ ವಾಷರ್‌ಗಳ ಗುಣಮಟ್ಟ ನೋಡುತ್ತೇನೆ. ವಾಷರ್ ಎಂದರೆ ನಡುವೆ ತೂತಿರುವ ಬಿಲ್ಲೆ. ಆ ತೂತು ಎಷ್ಟಿರಬೇಕೋ ಅಷ್ಟಿದೆಯೇ ಎಂದು ಅಳೆಯುವುದು ನನ್ನ ಕೆಲಸ. "ದಿನವೆಲ್ಲಾ ತೂತು ನೋಡೋರಿಗೆ ಅದರ ಸುತ್ತ ಇರೋದು ಕಾಣಲ್ಲ ಬಿಡಿ" ಎಂದು ನನ್ನ ಹೆಂಡತಿ ರತ್ನ ಒಂದು ಸಲ ಅಂದಿದ್ದಳು. ಆಗ ನಕ್ಕಿದ್ದೆ.

ಈ ಚಪಲದಿಂದ ಯಾರಿಗೂ ತೊಂದರೆಯಿಲ್ಲ ಎಂದು ನಾನು ನಂಬಿಕೊಂಡಿದ್ದೆ. ಈಗ ಆ ನಂಬಿಕೆ ಉಳಿದಿಲ್ಲ. ಕೋಲಾರದ ನಮ್ಮ ಮನೆಯ ನಡುಮನೆಯಲ್ಲಿ ಭಾನುವಾರ ಮಧ್ಯಾಹ್ನ ಒಂದು ಆಟ ನಡೆಯುತ್ತಿತ್ತು. ಆ ಆಟದಲ್ಲಿ ನನ್ನ ಹೆಂಡತಿ ಮನಸ್ಸು ಬಿಚ್ಚಿ ಮಾತಾಡುತ್ತಿದ್ದಳು. ನಾನು ಅವಳನ್ನು ಸುಮ್ಮನಾಗಿಸಿದೆ. ಬೈಯಲಿಲ್ಲ, ದನಿ ಏರಿಸಲಿಲ್ಲ. ಪುಟದ ಸಂಖ್ಯೆ ಸಮೇತ ವಿವರಿಸಿದೆ, ಅಷ್ಟೆ.

ಆಟ ಮನೆಗೆ ಬಂದದ್ದು ಮಗಳು ಸಿಂಧುವಿನ ಕೈಯಲ್ಲಿ. ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ. ಗೆಳತಿಯ ಮನೆಯಲ್ಲಿ ಕಲಿತು ಬಂದು, ಒಂದು ಪುಟ್ಟ ಬಟ್ಟೆಯ ಚೀಲದಿಂದ ಬಣ್ಣಬಣ್ಣದ ದಾಳಗಳನ್ನು ಚಾಪೆಯ ಮೇಲೆ ಸುರಿದಳು. ನಾವು ಹುಣಿಸೆ ಬೀಜ, ಕವಡೆಯಲ್ಲಿ ಚೌಕಾಬಾರ ಆಡಿ ಬೆಳೆದವರು. ಇವಕ್ಕೆ ಒಂದೊಂದಕ್ಕೆ ಇಪ್ಪತ್ತು ಮುಖ. ರತ್ನ ಒಂದು ಹಸಿರು ದಾಳವನ್ನು ಎತ್ತಿ ತಿರುಗಿಸಿ ನೋಡಿ, "ಇದೇನೇ ಇದು, ಹೀಚು ಸೀತಾಫಲ ಇದ್ದಂಗಿದೆ" ಅಂದಳು. ಸಿಂಧು ವಿವರಿಸಿದಳು. "ಇದ್ರಲ್ಲಿ ಗೆಲ್ಲೋದು ಸೋಲೋದು ಏನಿಲ್ಲಮ್ಮ. ನಾನು ಕತೆ ಹೇಳ್ತೀನಿ. ನೀವೆಲ್ಲ ಕತೆಯೊಳಗಿನ ಜನ. ಎದುರಿಗೆ ಒಂದು ಬಾಗಿಲಿದೆ ಅಂತ ನಾನಂದ್ರೆ, ಅದನ್ನ ತಟ್ತೀರೋ, ಒದೀತೀರೋ, ಓಡಿಹೋಗ್ತೀರೋ ನೀವು ಹೇಳ್ಬೇಕು. ಮಾಡಿದ್ದು ಫಲಿಸ್ತೋ ಇಲ್ವೋ ಅಂತ ದಾಳ ಹೇಳುತ್ತೆ. ಹತ್ತರ ಮೇಲೆ ಬಿದ್ರೆ ಆಯ್ತು, ಕೆಳಗೆ ಬಿದ್ರೆ ಇಲ್ಲ." ಅವತ್ತಿಗೆ ಇದ್ದ ನಿಯಮ ಇಷ್ಟೇ. ಇಷ್ಟು ಸಾಕಾಗಿತ್ತು ಎಂದು ಈಗ ಅನ್ನಿಸುತ್ತದೆ. ಅವತ್ತು ಮಾತ್ರ, ಸರಿಯಾಗಿ ಹತ್ತೇ ಬಿದ್ದರೆ ಏನು ಗತಿ ಎಂದು ಕೇಳಿದವನು ನಾನು.

ನಾಲ್ಕನೆಯ ಆಸಾಮಿ ಪಕ್ಕದ ಮನೆಯ ವೆಂಕಟರಾಮಪ್ಪನವರು. ನಿವೃತ್ತ ಬಸ್ ಕಂಡಕ್ಟರ್. ಭಾನುವಾರ ಪೇಪರ್ ಕೇಳಲು ಬರುವವರು, ಹೋಗುವ ಹೊತ್ತಿಗೆ ಕಾಫಿ, ಊಟ, ಕೆಲವೊಮ್ಮೆ ಒಂದು ಕೋಳಿನಿದ್ದೆಯನ್ನೂ ಮುಗಿಸಿರುತ್ತಾರೆ. ಸಿಂಧು ಮೊದಲು ಗೆಳತಿಯ ಮನೆಯ ಕತೆಯನ್ನೇ ಶುರುಮಾಡಿದಳು. ಚೂಪು ಕಿವಿಯ ಜನ, ಹಿಮದ ಬೆಟ್ಟ, ಬೆಂಕಿ ಉಗುಳುವ ರೆಕ್ಕೆಯ ಹಲ್ಲಿ. "ಹಿಮ ಬೇಡಮ್ಮಾ," ಅಂದರು ವೆಂಕಟರಾಮಪ್ಪ, "ನಂಗೆ ಎ.ಸಿ. ಬಸ್ಸೇ ಆಗಿಬರಲ್ಲ." ರತ್ನ ಸ್ವಲ್ಪ ಹೊತ್ತು ಯೋಚಿಸಿ, "ಟೇಕಲ್ ಬೆಟ್ಟ ಇಟ್ಕೊಳೇ. ಮೇಲೊಂದು ಕೋಟೆ ಇಡು. ಕೋಟೇಲಿ ಒಬ್ಬ ಪಾಳೇಗಾರ. ಅವನ ಹತ್ರ ಕದಿಯೋಂಥದ್ದು ಏನಾದ್ರೂ ಇರ್ಲಿ" ಅಂದಳು. ಟೇಕಲ್ ನನ್ನ ಊರು. ಆ ಬೆಟ್ಟದ ಬುಡದಲ್ಲಿ ದನ ಕಾಯ್ದ ನನಗೆ ಅಲ್ಲೊಂದು ಕೋಟೆ ಕಟ್ಟಬಹುದೆಂದು ಯಾವತ್ತೂ ಹೊಳೆದಿರಲಿಲ್ಲ.

ವೆಂಕಟರಾಮಪ್ಪನವರು ದಂಡನಾಯಕರಾದರು. ಆದರೆ ಚಾಳಿ ಎಲ್ಲಿ ಹೋಗಬೇಕು? ಶತ್ರುಗಳ ಪಡೆ ಎದುರಾದರೆ ಕತ್ತಿ ಹಿರಿಯುವ ಮೊದಲು "ಎಲ್ಲಿಗೆ?" ಎಂದು ಕೇಳುತ್ತಿದ್ದರು. ಗುಹೆಯೊಳಗೆ ಸೈನಿಕರನ್ನು ಬಚ್ಚಿಡಬೇಕಾಗಿ ಬಂದಾಗ, "ಒಳಗೆ ಹೋಗ್ರಿ, ಒಳಗೆ ಹೋಗ್ರಿ, ಮಧ್ಯ ಎಲ್ಲಾ ಖಾಲಿ ಬಿದ್ದಿದೆ" ಎಂದು ಕೂಗಿ ಇಡೀ ಪಡೆಯನ್ನು ಅದರೊಳಗೇ ಹಿಡಿಸಿಬಿಟ್ಟರು. ನಾನು ಮಂತ್ರವಾದಿಯಾದೆ. ರತ್ನ ಮಾತ್ರ ಕಳ್ಳಿಯಾಗುತ್ತೇನೆ ಎಂದಳು. ಹೆಸರು ಯರ್ರಕ್ಕ. ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ತರಕಾರಿಯವನು ಚಿಲ್ಲರೆ ಹೆಚ್ಚು ಕೊಟ್ಟನೆಂದು ಬಿಸಿಲಲ್ಲಿ ಮಾರ್ಕೆಟ್ಟಿಗೆ ವಾಪಸ್ಸು ನಡೆದವಳು ಇವಳು. ಟಿ.ವಿ. ಚಾನೆಲ್ ಬದಲಿಸುವಾಗಲೂ "ಬದ್ಲಾಯಿಸ್ಲಾ?" ಎಂದು ಕೇಳುವವಳು. ಅಂಥವಳು ಯರ್ರಕ್ಕನಾಗಿ ಮೊದಲ ವಾರವೇ ಪಾಳೇಗಾರನ ಆನೆಯ ಕೊರಳ ಗಂಟೆ ಹಾರಿಸಿದಳು. ಆನೆಗೆ ಗೊತ್ತಾಗದಿರಲೆಂದು ಗಂಟೆಯ ಜಾಗದಲ್ಲಿ ತೆಂಗಿನ ಚಿಪ್ಪು ಕಟ್ಟಿ ಬಂದಳಂತೆ. ಮುಂದಿನ ವಾರ ಅವನ ಅಡುಗೆಮನೆಯ ಉಪ್ಪಿನಕಾಯಿ ಜಾಡಿ. ಹಸಿರು ದಾಳವನ್ನು ಎರಡೂ ಅಂಗೈಯಲ್ಲಿ ಮುಚ್ಚಿ, ಕಣ್ಣುಮುಚ್ಚಿ, "ಬಾರೇ ನಮ್ಮಮ್ಮಾ" ಎಂದು ಉರುಳಿಸುತ್ತಿದ್ದಳು. ಹತ್ತರ ಮೇಲೇ ಬೀಳುತ್ತಿತ್ತು.

ರತ್ನ ಶ್ರೀನಿವಾಸಪುರದಾಚೆಯವಳು. ಆಂಧ್ರಕ್ಕೆ ಅಂಟಿಕೊಂಡ ಊರು, ಮನೆಮಾತು ತೆಲುಗು. ನಮ್ಮ ಮನೆಗೆ ಬಂದ ಹೊಸದರಲ್ಲಿ ನನ್ನ ತಾಯಿ, "ನಂಗೆ ತಿಳಿಯೋ ಹಂಗೆ ಕನ್ನಡದಲ್ಲಿ ಆಡಮ್ಮ" ಅಂದಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಅವರಿಗೆ ಕಿವಿ ಮಂದ. ಆಮೇಲೆ ರತ್ನ ಮನೆಯೊಳಗೆ ತೆಲುಗಾಡಲಿಲ್ಲ. ಸಂಜೆ ಮಾತ್ರ ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ತನ್ನ ತಾಯಿಗೆ ಫೋನ್ ಮಾಡುತ್ತಿದ್ದಳು. ಆಗ ಹೊರಡುತ್ತಿತ್ತು ನೋಡಿ ತೆಲುಗು! ಒಳಗೆ ಹತ್ತು ಮಾತಾಡಿದರೆ ಹೆಚ್ಚು ಎನ್ನುವವಳು ಅಲ್ಲಿ ನಗುತ್ತಿದ್ದಳು, ಬೈಯುತ್ತಿದ್ದಳು, ಮೂಗು ಒರೆಸಿಕೊಳ್ಳುತ್ತಿದ್ದಳು. ನಮ್ಮತ್ತೆ ಯಾರನ್ನೇ ಆಗಲಿ, ನಾವು 'ಅಪ್ಪಾ' ಅನ್ನುವ ಹಾಗೆ, 'ನಾಯನಾ' ಎಂದು ಕರೆಯುವವರು. ಅಳಿಯ, ಹಾಲಿನವನು, ದನದ ಡಾಕ್ಟರು, ಎಲ್ಲರೂ ಅವರಿಗೆ ನಾಯನಾ. ಹೋದ ಯುಗಾದಿಗೆ ಮುಂಚೆ ಅವರು ತೀರಿಕೊಂಡರು. ಈಗ ಸಂಜೆ ಆ ಕಲ್ಲಿನ ಮೇಲೆ ಬಟ್ಟೆಯ ಬಕೆಟ್ಟು ಕೂತಿರುತ್ತದೆ.

ಆಟದ ವಿಷಯಕ್ಕೆ ಬರುತ್ತೇನೆ. ಒಂದು ದಿನ ಸಿಂಧು ಗೆಳತಿಯಿಂದ ಆ ಆಟದ ಪುಸ್ತಕ ತಂದಳು. ಇಂಗ್ಲಿಷಿನದು. ಚಿತ್ರ ನೋಡಿ ಕತೆಗೆ ಏನಾದರೂ ಹೊಳೆಯಲಿ ಎಂದು ತಂದದ್ದು ಅವಳು. ಅದು ದಿಂಬಿನಷ್ಟು ದಪ್ಪವಿತ್ತು, ತುಂಬಾ ನಿಯಮಗಳೇ. ನಾನು ಊಟ ಬಿಟ್ಟು ಓದಿದೆ. ಏಣಿ ಹತ್ತುವುದಕ್ಕೆ ಒಂದು ನಿಯಮ, ಹಗ್ಗ ಹತ್ತುವುದಕ್ಕೆ ಇನ್ನೊಂದು, ಒದ್ದೆ ಹಗ್ಗಕ್ಕೆ ಅದರ ಕೆಳಗೆ ಸಣ್ಣಕ್ಷರದಲ್ಲಿ ಮತ್ತೊಂದು. ಪಂಜು ಎಷ್ಟು ಹೊತ್ತು ಉರಿಯುತ್ತದೆ, ಮನುಷ್ಯ ಎಷ್ಟು ಭಾರ ಹೊರುತ್ತಾನೆ, ಉಸಿರು ಎಷ್ಟು ಹೊತ್ತು ಕಟ್ಟಬಹುದು. ಎಲ್ಲಕ್ಕಿಂತ ಹೆಚ್ಚು ಪುಟ ಮಂತ್ರವಾದಿಗೇ! ಕಾರ್ಖಾನೆಯಲ್ಲಿ ನಾನು ಬರೆದ ಕಾರ್ಯವಿಧಾನಗಳನ್ನು ಯಾರೂ ಓದುವುದಿಲ್ಲ. ಇಲ್ಲಿ ನನ್ನಂಥವನೊಬ್ಬ, ಯಾವ ದೇಶದವನೋ ಏನೋ, ಒದ್ದೆ ಹಗ್ಗದ ಬಗ್ಗೆ ನನ್ನ ಹಾಗೇ ಚಿಂತೆ ಮಾಡಿದ್ದ. ಆ ಪುಣ್ಯಾತ್ಮನ ಮೇಲೆ ನನಗೆ ಒಡಹುಟ್ಟಿದವನ ಮೇಲಿನಂಥ ಪ್ರೀತಿ ಬಂತು. ಮುಂದಿನ ಭಾನುವಾರ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡೇ ಚಾಪೆಗೆ ಕೂತೆ.

ಮೊದಲು ದಾಳಗಳನ್ನೇ ಪರೀಕ್ಷಿಸಿದೆ. ಗಟ್ಟಿಯಾಗಿ ಉಪ್ಪು ಕರಗಿಸಿದ ನೀರಿನಲ್ಲಿ ದಾಳ ತೇಲಿಸಿ ತಿರುಗಿಸಿದರೆ, ಯಾವ ಮಗ್ಗುಲು ಭಾರವೋ ಅದು ಕೆಳಗೆ ಹೋಗುತ್ತದೆ. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಖಾಲಿ ಮಾಡುತ್ತಿದ್ದ ನನ್ನನ್ನು ಕಂಡು ರತ್ನ, "ದಾಳಾನ ಉಪ್ಪಿನಕಾಯಿ ಹಾಕ್ತೀರಾ ರೀ?" ಅಂದಳು. ಎಲ್ಲಾ ದಾಳ ಪಾಸಾದವು. ಹಸಿರಿನದು ಫೇಲಾಯಿತು. ಎಷ್ಟು ತಿರುಗಿಸಿದರೂ ಒಂದೇ ಮಗ್ಗುಲು ಮೇಲೆ ಬರುತ್ತಿತ್ತು. "ತಿರಸ್ಕೃತ" ಎಂದು ಹೇಳಿ ಪಕ್ಕಕ್ಕಿಟ್ಟೆ. ರತ್ನ ಅದನ್ನು ಸೆರಗಿನಲ್ಲಿ ಒರೆಸಿ ಸಾಸಿವೆ ಡಬ್ಬಿಯೊಳಗೆ ಹಾಕಿಕೊಂಡಳು. ಅವತ್ತಿನಿಂದ ಅವಳು ನೀಲಿ ದಾಳದಲ್ಲಿ ಆಡಿದಳು. ಅದಕ್ಕೆ "ಬಾರೇ ನಮ್ಮಮ್ಮಾ" ಅಂದದ್ದು ನಾನು ಕೇಳಲಿಲ್ಲ.

ಆಮೇಲೆ ವಾರಕ್ಕೊಂದು ನಿಯಮ ಬಂತು. ಯರ್ರಕ್ಕ ಯಾವ ಕಳ್ಳತನಕ್ಕೆ ಹೊರಟರೂ ಮೊದಲು ಕುರುಡುಮಲೆಗೆ ಹೋಗಿ ಗಣೇಶನಿಗೆ ಕೈಮುಗಿದೇ ಹೊರಡುವುದು ವಾಡಿಕೆ. ಕೈಮುಗಿದರೆ ಒಂದು ಅಂಕ ಹೆಚ್ಚು ಎಂದು ಪುಸ್ತಕದಲ್ಲಿತ್ತು. ಸಂತೋಷದಿಂದ ಹೇಳಿದೆ. ಆದರೆ ದೇವರು ಕೇಳಿಸಿಕೊಂಡನೋ ಇಲ್ಲವೋ ಎನ್ನುವುದಕ್ಕೆ ಮೊದಲು ಒಂದು ದಾಳ ಹಾಕಬೇಕು ಎಂದೂ ಹೇಳಿದೆ. "ಗಣಪತಿ ಕೇಳಿಸ್ಕೊಂಡ್ನಾ ಅಂತ ನೋಡೋಕೆ ದಾಳಾನಾ? ಅಷ್ಟಗಲ ಕಿವಿ ಮತ್ಯಾಕಿರೋದು?" ಅಂದಳು ರತ್ನ. ಮತ್ತೊಂದು ವಾರ ಕೋಟೆಯಿಂದ ಮಾವಿನಹಣ್ಣಿನ ಮೂಟೆ ಹೊತ್ತು ಇಳಿಯುತ್ತೇನೆಂದಾಗ, ಅವಳ ಶಕ್ತಿಗೆ ಅಷ್ಟು ಭಾರ ಆಗದೆಂದು ಕೋಷ್ಟಕ ತೋರಿಸಿದೆ. "ಈ ಪುಸ್ತಕ ಬರ್ದೋನು ನಮ್ಮೂರಲ್ಲಿ ಮಾವಿನ ಕಾಲದಲ್ಲಿ ಹೆಂಗಸರು ಏನೇನು ಹೊರ್ತಾರೆ ಅಂತ ನೋಡಿದಾನಾ?" ಅಂದಳು. ನೋಡಿರಲಿಕ್ಕಿಲ್ಲ ಎಂದು ನನಗೂ ಅನ್ನಿಸಿತ್ತು, ಆದರೆ ನಿಯಮ ನಿಯಮವೇ ಅಲ್ಲವೆ? ದಂಡನಾಯಕರಿಗೂ ಕರಡಿಗೂ ಕುಸ್ತಿ ಬಿದ್ದ ದಿನವಂತೂ ಹಿಡಿತಕ್ಕೊಂದು, ಬಿಡಿಸಿಕೊಳ್ಳುವುದಕ್ಕೊಂದು, ಮಗುಚುವುದಕ್ಕೊಂದು ದಾಳ. ವೆಂಕಟರಾಮಪ್ಪನವರು ಮನೆಗೆ ಹೋಗಿ ಸ್ನಾನ ಮುಗಿಸಿ ಬಂದರೂ ಕರಡಿ ಇನ್ನೂ ಮೊದಲನೇ ಪಟ್ಟಿನಲ್ಲೇ ಇತ್ತು. "ಸಾರ್, ಕರಡೀನೇ ಬೇಜಾರಾಗಿ ಹೋಗಿರುತ್ತೆ, ಬಿಡಿ" ಅಂದರು. ಸಿಂಧು ಆಕಳಿಸುತ್ತಿದ್ದಳು. ಆಟ ಈಗ ಎಷ್ಟು ಅಚ್ಚುಕಟ್ಟಾಯಿತು ಎಂದು ನಾನೊಬ್ಬನೇ ಖುಷಿಯಲ್ಲಿದ್ದೆ.

ಹಾಗೆಯೇ ಬಂತು ಆ ಭಾನುವಾರ. ಯರ್ರಕ್ಕ ಕೊನೆಗೂ ಮಲಗಿದ್ದ ಪಾಳೇಗಾರನ ತಲೆಯಿಂದ ಪೇಟ ಹಾರಿಸಿದ್ದಳು. ಅದನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ಮುಳಬಾಗಿಲು ದಾಟಿ ಆಚೆಯ ಸೀಮೆಗೆ ಹೋಗಿಬಿಟ್ಟರೆ ಗೆದ್ದಳು. ಗಡಿಯಲ್ಲಿ ಒಂದು ಠಾಣೆ ಇದೆ, ಠಾಣೆಯಲ್ಲೊಬ್ಬ ಕಾವಲುಗಾರ, ಅಂದಳು ಸಿಂಧು. ಕಾವಲುಗಾರನ ಮಾತನ್ನೂ ಅವಳೇ ಆಡಬೇಕು. ದನಿ ದಪ್ಪ ಮಾಡಿಕೊಂಡು, "ಎವರು? ಯಾಡಿಕಿ ಪೋತಾ ಉಂಡಾವು?" ಅಂದಳು. ಯಾರು, ಎಲ್ಲಿಗೆ ಹೋಗುತ್ತಿದ್ದೀಯ ಎಂದು.

ರತ್ನ ಕೈಯಲ್ಲಿದ್ದ ಬೇಯಿಸಿದ ಕಡಲೆಕಾಯಿಯ ತಟ್ಟೆಯನ್ನು ಕೆಳಗಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಟ್ಟಗೆ ಕೂತಳು. "ಒರೇ ನಾಯನಾ," ಎಂದು ಎಳೆದು ಶುರುಮಾಡಿದಳು, "ನೀಕು ಅಮ್ಮ ಲೇದಾ? ಪೊದ್ದುನ್ನಿಂಚಿ ಗುಕ್ಕೆಡು ನೀಳ್ಳು ತಾಗಲೇದು ರಾ ನೇನು." ನಿನಗೆ ತಾಯಿ ಇಲ್ಲವೇನೋ, ಬೆಳಗಿನಿಂದ ಒಂದು ಗುಟುಕು ನೀರು ಕುಡಿದಿಲ್ಲ ಕಣೋ ನಾನು, ಅಂತ. ಅಲ್ಲಿಂದ ಹರಿಯಿತು. ಕಾವಲುಗಾರನ ಕೊಳೆ ಅಂಗಿಗೆ ಬೈದಳು. ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೇ ಎಂದು ಮರುಗಿದಳು. ಮದುವೆಯಾಗಿದೆಯಾ ಎಂದು ಕೇಳಿ, ಇಲ್ಲ ಅಂದದ್ದಕ್ಕೆ ತನ್ನ ಊರಿನ ಹೆಣ್ಣೊಂದನ್ನು ಅಲ್ಲೇ ನಿಶ್ಚಯ ಮಾಡಲು ಹೊರಟಳು. ಸಿಂಧು ತಾನು ಕಾವಲುಗಾರ ಎನ್ನುವುದನ್ನೇ ಮರೆತು ಬಾಯಿ ಬಿಟ್ಟುಕೊಂಡಿದ್ದಳು. ವೆಂಕಟರಾಮಪ್ಪನವರ ಕೈಯಲ್ಲಿ ಅರ್ಧ ಸುಲಿದ ಕಡಲೆಕಾಯಿ ಹಾಗೇ ಇತ್ತು. ನಾನು ಪುಟ ತಿರುವುತ್ತಿದ್ದೆ.

"ತಡಿ, ತಡಿ," ಅಂದೆ. "ಯರ್ರಕ್ಕನಿಗೆ ತೆಲುಗು ಬರಲ್ಲ."

ರತ್ನ ನಿಲ್ಲಿಸಿದಳು. "ಏನಂದ್ರಿ?"

ಯಾರಿಗೆ ಎಷ್ಟು ಭಾಷೆ ಬರುತ್ತದೆ ಎನ್ನುವುದನ್ನು ಅವರ ಬುದ್ಧಿಯ ದಾಳ ನಿರ್ಧರಿಸುತ್ತದೆ, ಯರ್ರಕ್ಕನ ಪರವಾಗಿ ನಾನೇ ದಾಳ ಹಾಕಿದ್ದೆ, ಒಂದೇ ಭಾಷೆ ಬಂತು, ಆ ಒಂದು ಕನ್ನಡ ಎಂದು ಅವಳ ಗುಣ, ಶಕ್ತಿ ಬರೆದಿಡುವ ಹಾಳೆಯಲ್ಲಿ ಬರೆದಿದ್ದೇನೆ, ಎಂದೆ. ಮುದ್ದಾದ ಅಕ್ಷರದಲ್ಲಿ ಬರೆದಿದ್ದೆ, ತೋರಿಸಿದೆ.

"ನಂಗೆ ಬರುತ್ತಲ್ಲಾ ರೀ."

"ನಿನಗೆ ಬರುತ್ತೆ. ಯರ್ರಕ್ಕನಿಗೆ ಬರಲ್ಲ."

ವೆಂಕಟರಾಮಪ್ಪನವರಿಗೆ ತಡೆಯಲಾಗಲಿಲ್ಲ. "ಅಲ್ಲಾ ಸಾರ್, ನಮ್ಮ ಕಡೆ ಯಾರಿಗ್ ಸಾರ್ ತೆಲುಗು ಬರಲ್ಲ? ಮುಳಬಾಗಿಲು ದಾಟಿದ್ರೆ ಎಮ್ಮೆಗೂ ತೆಲುಗಲ್ಲಿ ಹೇಳಿದ್ರೇನೇ ಪಕ್ಕಕ್ಕೆ ಹೋಗೋದು!"

"ಪ್ರಾಣಿಗಳ ನಿಯಮ ಬೇರೆ ಅಧ್ಯಾಯದಲ್ಲಿದೆ," ಅಂದೆ. ತಮಾಷೆಗೆ ಹೇಳಿದ್ದಲ್ಲ, ನಿಜವಾಗಿಯೂ ಇತ್ತು.

"ಹಂಗಾದ್ರೆ ಯರ್ರಕ್ಕ ಈಗೇನ್ ಮಾಡ್ಬೇಕು?" ರತ್ನ ಮೆಲ್ಲಗೆ ಕೇಳಿದಳು.

"ಸನ್ನೆ ಮಾಡಬಹುದು. ಸನ್ನೆಗೆ ಮೂರು ಅಂಕ ಕಡಿತ."

ಅವಳು ನನ್ನ ಮುಖವನ್ನೊಮ್ಮೆ ನೋಡಿದಳು. ಸೊಂಟದಿಂದ ಸೆರಗು ಬಿಡಿಸಿಕೊಂಡು, "ಅನ್ನಕ್ಕಿಡ್ಬೇಕು" ಎಂದು ಎದ್ದುಹೋದಳು. ಆಗ ಮಧ್ಯಾಹ್ನ ನಾಲ್ಕು ಗಂಟೆ. ನಾಲ್ಕು ಗಂಟೆಗೆ ಯಾರ ಮನೆಯಲ್ಲಿ ಅನ್ನಕ್ಕಿಡುತ್ತಾರೆ? ಅದು ಕೂಡ ನನಗೆ ಹೊಳೆಯಲಿಲ್ಲ. ಆಕೆಯ ಸರದಿ ಮುಗಿಯಿತೆಂದು ಗುರುತು ಹಾಕಿಕೊಂಡು, ಮುಂದಿನ ದಾಳಕ್ಕೆ ವೆಂಕಟರಾಮಪ್ಪನವರ ಕಡೆ ತಿರುಗಿದೆ.

ಮುಂದಿನ ಭಾನುವಾರ ಅವಳಿಗೆ ಬಟ್ಟೆ ಒಗೆಯುವುದಿತ್ತು. ಅದರ ಮುಂದಿನದು ರಾಗಿ ಹಸನು ಮಾಡುವುದಿತ್ತು. ಯರ್ರಕ್ಕ ಇಲ್ಲದೆ ಕತೆ ಗಡಿಯಲ್ಲೇ ಕೂತುಬಿಟ್ಟಿತು. ವೆಂಕಟರಾಮಪ್ಪನವರಿಗೆ ಮಂಡಿನೋವು ಶುರುವಾಯಿತು, ಪೇಪರನ್ನು ಕಾಂಪೌಂಡಿನ ಮೇಲಿಂದಲೇ ಕೇಳಿ ತೆಗೆದುಕೊಂಡು ಹೋದರು. ಏನೋ ಎಡವಟ್ಟಾಗಿದೆ ಎಂದು ಆಗ ನನ್ನ ತಲೆಗೆ ಹೋಯಿತು. ಸರಿಮಾಡಬೇಕು ಅನ್ನಿಸಿತು. ನಾನು ಸರಿಮಾಡಿದ್ದು ಹೇಗೆ ಗೊತ್ತೇ? ಇನ್ನೊಂದು ನಿಯಮ ಬರೆದೆ! ಸ್ವಂತವಾಗಿ, ಪುಸ್ತಕದಲ್ಲಿ ಇಲ್ಲದ್ದು. ಅದನ್ನು ಹಿಡಿದು ಅಡುಗೆಮನೆಗೆ ಹೋದೆ. ರತ್ನ ಹಿತಕಿದ ಬೇಳೆ ಸಾರಿಗೆ ನೆನೆಹಾಕಿದ ಅವರೆಕಾಳನ್ನು ಒಂದೊಂದಾಗಿ ಹಿಸುಕುತ್ತಾ ಕೂತಿದ್ದಳು. ನಿಂತುಕೊಂಡೇ ಓದಿ ಹೇಳಿದೆ. "ಬಾರದ ಭಾಷೆಯನ್ನು ಬಲ್ಲವರೊಬ್ಬರ ಹತ್ತಿರ ಆರು ವಾರ ಕಲಿತು, ಆಮೇಲೆ ದಾಳ ಹಾಕಿ ಹದಿನೈದರ ಮೇಲೆ ಬಿದ್ದರೆ, ಆ ಭಾಷೆ ಬಂದಂತೆ ಲೆಕ್ಕ. ನೋಡು, ಈಗ ದಾರಿ ಆಯ್ತಲ್ಲ? ಯರ್ರಕ್ಕ ಕಲಿತುಕೊಳ್ಳಬಹುದು."

ಅವಳ ಬೆರಳು ನಿಲ್ಲಲಿಲ್ಲ. ಕಾಳು ಬೋಗುಣಿಗೆ ಬೀಳುತ್ತಲೇ ಇತ್ತು.

"ಯಾರ ಹತ್ರ ಕಲೀಬೇಕು?" ಅಂದಳು.

"ಯಾರಾದ್ರೂ ಬಲ್ಲವರ ಹತ್ರ."

"ನಂಗೆ ಕಲ್ಸಿದೋರು ಹೋದ್ರಲ್ಲ ರೀ."

ಅಷ್ಟೇ ಅಂದದ್ದು. ನನ್ನ ಕೈಯಲ್ಲಿದ್ದ ಕಾಗದ ಅಷ್ಟು ನಾಚಿಕೆ ತರಿಸಬಹುದೆಂದು ನಾನು ತಿಳಿದಿರಲಿಲ್ಲ. ಆ ಭಾನುವಾರ ನಡುಮನೆಯಲ್ಲಿ ಕೂತು ಮಾತಾಡಿದ್ದು ನಮ್ಮತ್ತೆ. ಆ ಎಳೆತ, ಬೈಗುಳದ ನಡುವೆಯೇ ನುಗ್ಗುವ ಆ ಮರುಕ, ಸಿಕ್ಕಸಿಕ್ಕವರಿಗೆಲ್ಲ ಹೆಣ್ಣು ನೋಡುವ ಆ ಗೀಳು, ಎಲ್ಲ ಅವರದೇ. ನನ್ನ ಮಗಳಿಗೆ ಗೊತ್ತಾಗಿತ್ತು, ಪಕ್ಕದ ಮನೆಯವರಿಗೆ ಗೊತ್ತಾಗಿತ್ತು. ಇಪ್ಪತ್ತೈದು ವರ್ಷ ಅವರ ಕೈಯಡುಗೆ ಉಂಡ ಅಳಿಯ ಮಾತ್ರ ಪುಟ ಹುಡುಕುತ್ತಿದ್ದ. ಕೆಳಗೆ ಕೂತು ನಾನೂ ನಾಲ್ಕು ಅವರೆಕಾಳು ಹಿಸುಕಿದೆ. ಒಂದು ಸಿಡಿದು ಕಣ್ಣಿಗೆ ಬಿತ್ತು, ಕಣ್ಣೀರಿಗೆ ಒಂದು ನೆಪವಾಯಿತು.

ಸಿಂಧು ಆಮೇಲೆ ನನ್ನನ್ನು ಮಹಡಿಗೆ ಕರೆದು ಚೆನ್ನಾಗಿ ತರಾಟೆಗೆ ತೆಗೆದುಕೊಂಡಳು. "ಗಡೀಲಿ ಠಾಣೆ ಯಾಕಿಟ್ಟೆ ಅಂದ್ಕೊಂಡಿದ್ದೀಯಪ್ಪಾ ನೀನು? ಅಜ್ಜಿ ಹೋದ್ಮೇಲೆ ಅಮ್ಮ ತೆಲುಗಲ್ಲಿ ಬಾಯೇ ಬಿಟ್ಟಿರ್ಲಿಲ್ಲ. ಅದಕ್ಕೇಂತ್ಲೇ ಕತೇನ ಟೇಕಲ್‌ನಿಂದ ಅಲ್ಲೀವರೆಗೂ ಎಳ್ಕೊಂಡು ಬಂದಿದ್ದೆ. ವಾರ ವಾರ ನೀನು ಕರಡಿ ಹಗ್ಗ ಅಂತ ತಡ ಮಾಡ್ದಾಗ್ಲೂ ಸುಮ್ನಿದ್ದೆ. ಅಮ್ಮ ಶುರು ಮಾಡಿ ಇನ್ನೂ ಐದು ನಿಮಿಷ ಆಗಿರ್ಲಿಲ್ಲ ಕಣಪ್ಪ." ಅವಳ ಕಣ್ಣಲ್ಲೂ ನೀರಿತ್ತು. ನಾನೊಬ್ಬ ಮಂತ್ರವಾದಿಯಂತೆ! ಮನೆಯಲ್ಲಿ ನಿಜವಾಗಿ ಒಂದು ಮಾಟ ನಡೆಯುವಾಗ ಅದಕ್ಕೆ ಅಡ್ಡ ಕೂತವನು.

ಪುಸ್ತಕವನ್ನು ಅವತ್ತೇ ವಾಪಸ್ಸು ಕಳಿಸಿದೆ. ಮುಂದಿನ ಭಾನುವಾರ ಚಾಪೆ ಹಾಸಿ, ಕ್ಯಾರಿಯರ್ ತುಂಬಾ ಮಸಾಲೆವಡೆ ತಂದಿಟ್ಟು, "ಇವತ್ತಿನಿಂದ ಯಾವ ನಿಯಮವೂ ಇಲ್ಲ" ಎಂದು ಸಾರಿದೆ. ಅದೂ ಒಂದು ನಿಯಮದ ಹಾಗೇ ಕೇಳಿಸಿತೋ ಏನೋ. ವೆಂಕಟರಾಮಪ್ಪನವರು ವಡೆ ತಿಂದು ಹೋದರು. ರತ್ನ ನಗುತ್ತಲೇ, "ಬ್ಯಾಡ ಬಿಡಿ ರೀ, ಈಗ ಮನಸ್ಸಿಲ್ಲ" ಅಂದಳು. ಸಿಟ್ಟು ಕೂಡ ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಸಮಾಧಾನವಾಗುತ್ತಿತ್ತು. ಯರ್ರಕ್ಕ ಆ ಕಾವಲುಗಾರನಿಗೆ ಇನ್ನೂ ಏನೇನು ಹೇಳಲಿದ್ದಳು, ಆ ಹೆಣ್ಣು ಯಾವ ಮನೆಯದು, ಕೊನೆಗೆ ದಾಟಿದಳೋ ಇಲ್ಲವೋ, ಇದೆಲ್ಲ ಬೆಲ್ಟಿನ ಮೇಲೆ ವಾಷರ್ ಸಾಲುಗಟ್ಟಿ ಬರುವಾಗಲೂ ನನ್ನ ತಲೆಯೊಳಗೆ ತಿರುಗುತ್ತಿತ್ತು. ಕೇಳುವುದಾದರೂ ಯಾರನ್ನು? ಅವಳು ಅದನ್ನು ಮೊದಲೇ ಬರೆದಿಟ್ಟುಕೊಂಡಿರಲಿಲ್ಲ. ಆ ಹೊತ್ತಿನಲ್ಲಿ ಬರಬೇಕಾದದ್ದು, ಆ ಹೊತ್ತು ಹೋಯಿತು.

ಕೊನೆಗೊಂದು ಸಂಜೆ ಧೈರ್ಯ ಮಾಡಿ ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ನಿಂತೆ. ನನಗೆ ತೆಲುಗು ಚೆನ್ನಾಗಿ ಅರ್ಥವಾಗುತ್ತದೆ, ಆಡಿದ್ದು ಮಾತ್ರ ಯಾವತ್ತೂ ಇಲ್ಲ. ಕೈಯಲ್ಲಿ ಲಟ್ಟಣಿಗೆ ಹಿಡಿದು, ಠಾಣೆಯ ಕಾವಲುಗಾರನ ಹಾಗೆ ಮೀಸೆ ತಿರುವಿ, "ಎವರು ಮೀರು? ಎಕ್ಕಡಿಕಿ ವೆಳ್ತುನ್ನಾರಂಡಿ?" ಅಂದೆ.

ರತ್ನ ಒಗ್ಗರಣೆ ಹಾಕುತ್ತಿದ್ದವಳು ತಿರುಗಿ ನೋಡಿದಳು. "ಅದು ಟಿ.ವಿ. ಸೀರಿಯಲ್ ತೆಲುಗು," ಅಂದಳು. "ನಮ್ಮ ಕಡೆ ಕಾವಲುಗಾರ ಕಳ್ಳೀನ ಬಹುವಚನದಲ್ಲಿ ಮಾತಾಡಿಸ್ತಾನಾ? ಈ ಠಾಣೆಯೋನಿಗೆ ತೆಲುಗು ಬರಲ್ಲ ರೀ." ಒಗ್ಗರಣೆಯನ್ನು ಸಾರಿಗೆ ಸುರಿದು ಹೇಳಿದಳು. "ಆರು ವಾರ ಯಾರ ಹತ್ರಾನಾದ್ರೂ ಕಲ್ಕೊಂಡು ಬರ್ಲಿ. ಅಲ್ಲೀವರೆಗೂ ಯರ್ರಕ್ಕ ಅವನ ಜೊತೆ ಮಾತಾಡಲ್ಲ."

ಯಾರ ಹತ್ತಿರ ಎಂದು ಈ ಸಲ ನಾನು ಕೇಳಲಿಲ್ಲ. ಮಾರನೆಯ ದಿನದಿಂದ ಸಂಜೆ ಕಾರ್ಖಾನೆಯ ಬಸ್ಸಿಳಿದು ಬಂದವನು ಬಟ್ಟೆ ಒಗೆಯುವ ಕಲ್ಲಿನ ಮೇಲಿನ ಬಕೆಟ್ಟು ಎತ್ತಿಟ್ಟು ಕೂರುತ್ತಿದ್ದೆ. ರತ್ನ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಾ ತಿದ್ದುತ್ತಿದ್ದಳು. ಅಲ್ಲಿ ಕನ್ನಡ ಆಡುವಂತಿಲ್ಲ ಎಂದು ಅವಳೇ ಒಂದು ನಿಯಮ ಮಾಡಿದಳು. ಆದ್ದರಿಂದ ಹೆಚ್ಚಿನ ಹೊತ್ತು ನಾನು ಸುಮ್ಮನೆ ಕೂರಬೇಕಾಗುತ್ತಿತ್ತು. ಬಾಯಿ ತುಂಬಾ ಮಾತಿದ್ದು ಆಡಲಾಗದೆ ಕೂರುವುದು ಎಂದರೆ ಏನು ಎಂದು ಈ ವಯಸ್ಸಿನಲ್ಲಿ ತಿಳಿಯಿತು. ಅವಳು ಆಡುತ್ತಿದ್ದದ್ದೂ ಒಂದೋ ಎರಡೋ ಮಾತು, ಅದೂ ನನ್ನ ತಪ್ಪಿಗೆ ಮಾತ್ರ. ಆ ಭಾನುವಾರದ ಹರಿವು ಮತ್ತೆ ಬಂದಿಲ್ಲ. ಬರುತ್ತದೆ ಎಂದು ನಾನು ತಪ್ಪು ಮಾಡುತ್ತಲೇ ಹೋದೆ, ಅದಕ್ಕೆ ಪ್ರಯತ್ನವೇನೂ ಬೇಕಾಗಿರಲಿಲ್ಲ.

ಹೋದ ಭಾನುವಾರಕ್ಕೆ ಆರು ವಾರ ತುಂಬಿತು. ನಿಯಮದ ಪ್ರಕಾರ ದಾಳ ಹಾಕಬೇಕು. ಚೀಲದ ದಾಳಗಳೆಲ್ಲ ಅಷ್ಟರಲ್ಲಿ ಗೆಳತಿಯ ಮನೆಗೆ ವಾಪಸ್ಸು ಹೋಗಿದ್ದವು. ರತ್ನ ಸಾಸಿವೆ ಡಬ್ಬಿಗೆ ಕೈಹಾಕಿ ಹಸಿರು ದಾಳವನ್ನು ತೆಗೆದು, ಎರಡು ಸಾಸಿವೆ ಕಾಳು ಅಂಟಿದ್ದನ್ನು ಉಫ್ ಎಂದು ಊದಿ, ನನ್ನ ಅಂಗೈಗೆ ಹಾಕಿದಳು. ಸಿಂಧು ಬಾಗಿಲಿಗೆ ಬಂದು ನಿಂತಳು. ನಾನು ಕಣ್ಣುಮುಚ್ಚಿ ಉರುಳಿಸಿದೆ. ದಾಳ ಕಟ್ಟೆಯ ಮೇಲೆ ಓಡಿ ಎಣ್ಣೆ ಜಿಡ್ಡಿನಲ್ಲಿ ನಿಂತಿತು. ನಾಲ್ಕು ಬಿದ್ದಿತ್ತು.

ರತ್ನ ಬಗ್ಗಿ ನೋಡಿದಳು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು. "ರಾಲೇದು," ಅಂದಳು. "ಇಂಕಾ ಆರು ವಾರಾಲು ನೇರ್ಚುಕೊನಿ ರಾ, ನಾಯನಾ." ಬರಲಿಲ್ಲ, ಇನ್ನೂ ಆರು ವಾರ ಕಲಿತುಕೊಂಡು ಬಾ, ಎಂದು. ಆ ಕೊನೆಯ ಶಬ್ದವನ್ನು ಎಳೆದು ಹೇಳಿದ ರೀತಿಗೆ ಸಿಂಧು ಅಲ್ಲೇ ಬಾಯಿಗೆ ದುಪ್ಪಟ್ಟಾ ಅಡ್ಡ ಹಿಡಿದುಕೊಂಡಳು. ನನಗೆ ಎದೆ ತುಂಬಿ ಬಂತು. ಜೊತೆಗೆ, ಹುಟ್ಟುಗುಣ ನೋಡಿ, ಈ ದಾಳ ಉಪ್ಪುನೀರಿನಲ್ಲಿ ಫೇಲಾದದ್ದು, ಇದರ ಲೆಕ್ಕ ನಡೆಯುವುದಿಲ್ಲ ಎಂದು ವಾದಿಸಲು ಬಾಯಿಯನ್ನೂ ತೆರೆದೆ. ಅದನ್ನು ತೆಲುಗಿನಲ್ಲಿ ಹೇಗೆ ಹೇಳುವುದೋ ಗೊತ್ತಾಗಲಿಲ್ಲ.